ಶತ್ರು ಕೊಟ್ಟ ಸರ್ಟಿಫಿಕೇಟು: ಮೆಕಾಲೆ ಹೇಳದ ಮಾತು ನಮ್ಮ ಇತಿಹಾಸ ಆಗಿದ್ದು ಹೇಗೆ

ಮೊನ್ನೆ ನೆಂಟರ ಮನೇಲಿ ಗೃಹಪ್ರವೇಶ. ಊಟ ಮುಗಿಸಿ ಎಲೆ ಅಡಿಕೆ ಹಾಕ್ಕೊಂಡು ಶಾಮಿಯಾನದ ಕೆಳಗೆ ಕೂತಿದ್ವಿ, ಪಕ್ಕದಲ್ಲಿ ನಮ್ಮ ಸೋದರಮಾವ. ರಿಟೈರ್ಡ್ ಹೆಡ್ಮಾಸ್ಟ್ರು, ಸರ್ವಿಸಿನ ಬಹುಪಾಲು ಕೂಡ್ಲಿಗಿ, ಹಡಗಲಿ ಕಡೆ ಸರ್ಕಾರಿ ಸ್ಕೂಲುಗಳಲ್ಲೇ ಕಳೆದವ್ರು. ಮೊಬೈಲ್ ತೆಗೆದು "ಇದನ್ನ ನೋಡಿದ್ಯೇನೋ?" ಅಂತ ನನ್ನ ಮುಖದ ಮುಂದೆ ಹಿಡಿದ್ರು. ನೋಡದೇ ಇರೋಕೆ ಸಾಧ್ಯನಾ, ಎಲ್ರ ಫೋನಲ್ಲೂ ಒಂದಲ್ಲ ಒಂದು ಸಲ ಬಂದು ಹೋಗಿರೋ ಫೋಟೋ ಅದು. ಹಳೇ ಪೇಪರಿನ ಥರ ಹಳದಿ ಬಣ್ಣ, ಹಳೇ ಕಾಲದ ಅಚ್ಚಿನ ಅಕ್ಷರ, ಮೇಲ್ಗಡೆ "ಲಾರ್ಡ್ ಮೆಕಾಲೆ ಬ್ರಿಟಿಷ್ ಪಾರ್ಲಿಮೆಂಟಲ್ಲಿ ಮಾಡಿದ ಭಾಷಣ, 2 ಫೆಬ್ರವರಿ 1835".

ಒಳಗಿರೋ ವಿಷಯ ಏನು ಅಂದ್ರೆ, ನಾನು ಭಾರತದ ಉದ್ದಗಲ ಓಡಾಡಿದ್ದೀನಿ, ಒಬ್ಬ ಭಿಕ್ಷುಕನನ್ನೂ ಒಬ್ಬ ಕಳ್ಳನನ್ನೂ ನೋಡಿಲ್ಲ, ಅಷ್ಟು ಸಂಪತ್ತು, ಅಷ್ಟು ಉನ್ನತ ಮೌಲ್ಯ, ಅಷ್ಟು ಯೋಗ್ಯತೆ ಇರೋ ಜನ, ಇವರ ಬೆನ್ನೆಲುಬಾದ ಆಧ್ಯಾತ್ಮಿಕ ಮತ್ತು ಸಾಂಸ್ಕೃತಿಕ ಪರಂಪರೆಯನ್ನ ಮುರೀದೆ ನಾವು ಈ ದೇಶ ಗೆಲ್ಲೋಕೇ ಆಗಲ್ಲ, ಅದಕ್ಕೆ ಇವರ ಹಳೇ ವಿದ್ಯಾಪದ್ಧತಿ ತೆಗೆದುಹಾಕೋಣ, ಇಂಗ್ಲಿಷಿಂದ ಬಂದಿದ್ದೇ ದೊಡ್ಡದು ಅಂತ ನಂಬಿಸೋಣ, ಆಗ ಇವರು ಆತ್ಮಗೌರವ ಕಳ್ಕೊಂಡು ನಮಗೆ ಬೇಕಾದ ಹಾಗೆ ಆಗ್ತಾರೆ ಅಂತ.

"ಮಾವ, ಇದು ಸುಳ್ಳು" ಅಂದೆ. "ಯಾವುದಪ್ಪ ಸುಳ್ಳು? ಮೆಕಾಲೆ ನಮ್ಮ ಶಿಕ್ಷಣ ಹಾಳು ಮಾಡಿದ್ದು ಸುಳ್ಳಾ?" ಅಂದ್ರು. ಮಾವನ ಈ ಪ್ರಶ್ನೆಯಿಂದ್ಲೇ ಈ ಲೇಖನ ಹುಟ್ಟಿದ್ದು. ಅವರ ತಲೇಲಿ ಒಂದು ಕಾಗದ ನಿಜವೋ ಅಲ್ವೋ ಅನ್ನೋದೂ, ಒಂದು ನೋವು ನಿಜವೋ ಅಲ್ವೋ ಅನ್ನೋದೂ ಎರಡೂ ಒಂದೇ ಆಗಿಬಿಟ್ಟಿದೆ. ಕಾಗದ ಸುಳ್ಳು ಅಂದ್ರೆ ನೋವನ್ನೇ ಸುಳ್ಳು ಅಂದಂಗೆ ಅವರಿಗೆ ಕೇಳಿಸುತ್ತೆ.

ಮೊದ್ಲು ಕಾಗದದ ವಿಷಯ ಮುಗಿಸಿಬಿಡೋಣ, ಅದು ಕಷ್ಟದ ಕೆಲಸ ಏನಲ್ಲ.

1835ರ ಫೆಬ್ರವರಿ 2ನೇ ತಾರೀಕು ಥಾಮಸ್ ಬಾಬಿಂಗ್ಟನ್ ಮೆಕಾಲೆ ಲಂಡನ್‌ನಲ್ಲಿ ಇರ್ಲೇ ಇಲ್ಲ, ಕಲ್ಕತ್ತಾದಲ್ಲಿದ್ದ. ಗವರ್ನರ್ ಜನರಲ್ ಬೆಂಟಿಂಕ್‌ನ ಕೌನ್ಸಿಲ್‌ನಲ್ಲಿ ಕಾನೂನು ಸದಸ್ಯ, ವರ್ಷಕ್ಕೆ ಹತ್ತು ಸಾವಿರ ಪೌಂಡ್ ಸಂಬಳ. ಭಾರತಕ್ಕೆ ಹೊರಡೋ ಮುಂಚೆನೇ ಪಾರ್ಲಿಮೆಂಟ್ ಸೀಟು ಬಿಟ್ಟುಕೊಟ್ಟು ಬಂದಿದ್ದ. ಆಗ ಹಡಗಲ್ಲಿ ಬರೋಕೆ ತಿಂಗಳುಗಟ್ಟಲೆ ಬೇಕು, ಬೆಳಗ್ಗೆ ಕಲ್ಕತ್ತಾದಲ್ಲಿ ತಿಂಡಿ ತಿಂದು ಸಂಜೆ ಲಂಡನ್‌ನಲ್ಲಿ ಭಾಷಣ ಮಾಡೋಕೆ ಆಗಲ್ಲ. ಇನ್ನು "ಲಾರ್ಡ್" ಅನ್ನೋ ಪದವಿ ಅವನಿಗೆ ಸಿಕ್ಕಿದ್ದೇ 1857ರಲ್ಲಿ. "ಈ ದೇಶ ಗೆಲ್ಲೋಕೆ ಆಗಲ್ಲ" ಅನ್ನೋ ಮಾತಂತೂ ಇನ್ನೂ ತಮಾಷೆ, ಯಾಕಂದ್ರೆ ಅಷ್ಟೊತ್ತಿಗೆ ಗೆದ್ದಾಗಿತ್ತು. 1799ರಲ್ಲಿ ಶ್ರೀರಂಗಪಟ್ಟಣ ಬಿತ್ತು, 1818ರಲ್ಲಿ ಪೇಶ್ವೆ ಹೋದ, 1831ರಲ್ಲಿ ಮೈಸೂರಿನ ಆಡಳಿತಾನೂ ಮುಮ್ಮಡಿ ಕೃಷ್ಣರಾಜ ಒಡೆಯರ ಕೈಯಿಂದ ಈಸ್ಟ್ ಇಂಡಿಯಾ ಕಂಪನಿ ಕಿತ್ಕೊಂಡಿತ್ತು. ಗೆದ್ದು ಜೇಬಿಗೆ ಹಾಕ್ಕೊಂಡ ಮೇಲೆ ಯಾರಾದ್ರೂ ಗೆಲ್ಲೋಕೆ ಏನ್ ಪ್ಲ್ಯಾನ್ ಮಾಡೋಣ ಅಂತ ಕೇಳ್ತಾರಾ?

ಭಾಷೇನೂ ಹಂಗೇ. "ಆಧ್ಯಾತ್ಮಿಕ ಮತ್ತು ಸಾಂಸ್ಕೃತಿಕ ಪರಂಪರೆ", "ಉನ್ನತ ಮೌಲ್ಯಗಳು", ಇವೆಲ್ಲ ನಮ್ಮ ಕಾಲದ ವೇದಿಕೆ ಭಾಷಣದ ಪದಗಳು, ಮೆಕಾಲೆ ಬರೀತಿದ್ದ ರೀತಿನೇ ಬೇರೆ. ಭಿಕ್ಷುಕರೇ ಇಲ್ಲ, ಕಳ್ಳರೇ ಇಲ್ಲ ಅನ್ನೋದಕ್ಕೆ ಹೇಳ್ಬೇಕಂದ್ರೆ, ಅವನು ಬಂದು ಇಳಿದ ಮದ್ರಾಸ್ ಪ್ರಾಂತ್ಯದಲ್ಲೇ 1832-33ರಲ್ಲಿ ಗುಂಟೂರು ಕಡೆ ಭಯಂಕರ ಬರ ಬಂದು ಜನ ಹುಳುಗಳ ಥರ ಸತ್ತಿದ್ರು, ಆ ಹೊತ್ತಲ್ಲೇ ಉತ್ತರದಲ್ಲಿ ಸ್ಲೀಮನ್ ಅನ್ನೋ ಕಂಪನಿ ಅಧಿಕಾರಿ ದಾರಿಹೋಕರನ್ನ ಕೊಂದು ದೋಚ್ತಿದ್ದ ಥಗ್ಗರನ್ನ ಹಿಡಿಯೋಕೆ ಅಂತಲೇ ದೊಡ್ಡ ಕಾರ್ಯಾಚರಣೆ ನಡೆಸ್ತಿದ್ದ.

"ಉದ್ದಗಲ ಓಡಾಡಿದ್ದೀನಿ" ಅನ್ನೋದು ನನಗೆ ಎಲ್ಲಕ್ಕಿಂತ ಇಂಟ್ರೆಸ್ಟಿಂಗ್, ಯಾಕಂದ್ರೆ ಆ ಹೊತ್ತಿಗೆ ಅವನು ನೆಲದ ಮೇಲೆ ನಿಜವಾಗಿ ಓಡಾಡಿದ್ದು ಹೆಚ್ಚುಕಮ್ಮಿ ನಮ್ಮೂರಲ್ಲೇ! 1834ರ ಜೂನ್‌ನಲ್ಲಿ ಮದ್ರಾಸಿಗೆ ಬಂದಿಳಿದ, ಬೆಂಟಿಂಕ್ ಊಟಿಯಲ್ಲಿದ್ದಾನೆ ಅಂತ ಅಲ್ಲಿಗೆ ಹೊರಟ, ಬೆಂಗಳೂರು, ಶ್ರೀರಂಗಪಟ್ಟಣ, ಮೈಸೂರು ದಾರಿ. ಆಮೇಲೆ ಮದ್ರಾಸಿಗೆ ವಾಪಸ್ಸು, ಅಲ್ಲಿಂದ ಸಮುದ್ರದ ಮೇಲೆ ಕಲ್ಕತ್ತಾ. ಅಷ್ಟೇ ಅವನು ನೋಡಿದ ಭಾರತ. ಊಟಿಯಿಂದ ಬರೆದ ಕಾಗದದಲ್ಲಿ ಹೇಳ್ಕೊಂಡಿದ್ದಾನೆ, ನಾನೂರು ಮೈಲಿ ಪೂರ್ತಿ ಮನುಷ್ಯರ ಹೆಗಲ ಮೇಲೆ ಬಂದೆ ಅಂತ. ಅಂದ್ರೆ ಪಲ್ಲಕ್ಕಿ, ಹೊತ್ತವರ ಹೆಸರು ಯಾವ ಕಾಗದದಲ್ಲೂ ಇಲ್ಲ ಬಿಡಿ. ಶ್ರೀರಂಗಪಟ್ಟಣ ನೋಡ್ಬೇಕು ಅನ್ನೋದು ಅವನಿಗೆ ಚಿಕ್ಕಂದಿನ ಆಸೆ, ಅವನ ದೊಡ್ಡಪ್ಪ ಕಾಲಿನ್ ಮೆಕಾಲೆ ನಾಲ್ಕು ವರ್ಷ ಅಲ್ಲೇ ಸೆರೆಯಲ್ಲಿ ಕೊಳೆತಿದ್ದ, ಮನೇಲಿ ದಿನಾ ಅದೇ ಮಾತು ಕೇಳ್ಕೊಂಡು ಬೆಳೆದಿದ್ದ. ಹೋಗಿ ನೋಡಿದ್ರೆ ಕೋಟೆ ಗಟ್ಟಿಯಾಗಿದೆ, ಊರಲ್ಲಿ ಜನ ಇಲ್ಲ.

ಮೈಸೂರಲ್ಲಿ ಮುಮ್ಮಡಿಯವ್ರು ಇವನನ್ನ ಕರೆಸಿ ತಮ್ಮ ಬಟ್ಟೆಬರೆಯನ್ನೆಲ್ಲ ತೋರಿಸಿದ್ರಂತೆ, ಆಮೇಲೆ ಚಿತ್ರಶಾಲೆ. ಅಲ್ಲಿ ಆರೋ ಏಳೋ ಬಣ್ಣದ ಇಂಗ್ಲಿಷ್ ಪ್ರಿಂಟುಗಳು, ನರಿ ಬೇಟೆ ಚಿತ್ರ ಅಂಥವು, ಇಂಗ್ಲೆಂಡಿನ ಹಳ್ಳಿ ಕಡೆ ಹೋಟ್ಲುಗಳಲ್ಲಿ ನೇತು ಹಾಕಿರ್ತಾರಲ್ಲ ಅದಕ್ಕಿಂತ ತೀರಾ ಕಡಿಮೆ ಏನಲ್ಲ ಅಂತ ಕುಚೋದ್ಯ ಮಾಡ್ತಾನೆ. ಮಹಾರಾಜರು ಬಹಳ ಹೆಮ್ಮೆಯಿಂದ ತೋರಿಸಿದ್ದು ವೆಲಿಂಗ್ಟನ್ ಡ್ಯೂಕ್‌ನ ಮುಖದ ಚಿತ್ರ (1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ ಅಲ್ಲೇ ಇದ್ದ ಸೇನಾಧಿಕಾರಿ ಆರ್ಥರ್ ವೆಲ್ಲೆಸ್ಲಿನೇ ಇವನು), ಇದು ಇಂಗ್ಲೆಂಡಲ್ಲಿ ಯಾವುದೋ ಅಂಗಡಿ ಬೋರ್ಡಾಗಿ ನೇತಾಡ್ತಿದ್ದಿದ್ದೇ ಅನ್ನೋದ್ರಲ್ಲಿ ಡೌಟೇ ಇಲ್ಲ ಅಂತ ಬರೀತಾನೆ. ಐದು ವರ್ಷದ ಮಗುವಾಗಿ ಪಟ್ಟಕ್ಕೆ ಕೂತಾಗಿಂದ ಆ ಮನುಷ್ಯನನ್ನ ಹತ್ತಿರದಿಂದ ನೋಡಿದ್ದ ರಾಜ, ರಾಜ್ಯ ಕಳ್ಕೊಂಡು ಮೂರು ವರ್ಷ ಆಗಿದೆ, ಬಂದ ಅತಿಥಿಗೆ ಪ್ರೀತಿಯಿಂದ ತೋರಿಸಿದ ಚಿತ್ರದ ಬಗ್ಗೆ ಇವನು ಊರಿಗೆ ಹಂಗೆ ಬರೆದು ಕಳಿಸ್ತಾನೆ. ಇದನ್ನ ಓದಿದಾಗ ನನಗೆ ಆದ ಉರಿ ಆ ಹಳದಿ ಫೋಟೋ ಓದಿ ಯಾವತ್ತೂ ಆಗಿಲ್ಲ. ನಿಜವಾದ ಮೆಕಾಲೆ ಸಿಗೋದು ಇಲ್ಲಿ. ನಮ್ಮನ್ನ ನೋಡಿ ಬೆರಗಾದವನಲ್ಲ ಅವನು, ನಕ್ಕವನು.

ಆ ತಾರೀಕು ಮಾತ್ರ ಸುಮ್ನೆ ಬಂದಿದ್ದಲ್ಲ. 1835ರ ಫೆಬ್ರವರಿ 2 ಅವನು ಶಿಕ್ಷಣದ ಬಗ್ಗೆ ಬರೆದ ಟಿಪ್ಪಣಿಯ ತಾರೀಕು, ಮೆಕಾಲೆ ಮಿನಿಟ್ ಅಂತ ಕರೀತಾರಲ್ಲ ಅದು. ಆಫೀಸ್ ಫೈಲಿನ ಒಂದು ನೋಟು ಅಷ್ಟೇ, ಭಾಷಣ ಅಲ್ಲ. 1813ರ ಚಾರ್ಟರ್ ಕಾಯ್ದೇಲಿ ವರ್ಷಕ್ಕೆ ಒಂದು ಲಕ್ಷ ರೂಪಾಯಿ ವಿದ್ಯೆಗೆ ಅಂತ ಇಟ್ಟಿದ್ರು, ಆ ಲಕ್ಷವನ್ನ ಸಂಸ್ಕೃತ ಅರಬ್ಬಿಗೆ ಹಾಕ್ಬೇಕಾ ಇಂಗ್ಲಿಷಿಗಾ ಅನ್ನೋ ಜಗಳದಲ್ಲಿ ಇವನು ಇಂಗ್ಲಿಷ್ ಪರ ಬರೆದಿದ್ದು, ಮಾರ್ಚ್ 7ಕ್ಕೆ ಬೆಂಟಿಂಕ್ ಅದನ್ನ ಒಪ್ಪಿ ಆರ್ಡರ್ ಮಾಡಿದ್ದು. ಆ ಟಿಪ್ಪಣಿ ಪೂರ್ತಿ ಇವತ್ತೂ ಸಿಗುತ್ತೆ, ಯಾರು ಬೇಕಾದ್ರೂ ಓದಬಹುದು. ಅದರಲ್ಲಿ ಏನಿದೆ? ನನಗೆ ಸಂಸ್ಕೃತ ಗೊತ್ತಿಲ್ಲ ಅರಬ್ಬಿ ಗೊತ್ತಿಲ್ಲ ಅಂತ ಅವನೇ ಒಪ್ಕೊಳ್ತಾನೆ, ಒಪ್ಕೊಂಡು ಮುಂದಿನ ಉಸಿರಲ್ಲೇ ಯೂರೋಪಿನ ಒಳ್ಳೇ ಲೈಬ್ರರಿಯ ಒಂದೇ ಒಂದು ಕಪಾಟಿನ ಹಲಗೆ ಭಾರತ ಮತ್ತು ಅರಬರ ಇಡೀ ಸಾಹಿತ್ಯಕ್ಕೆ ಸಮ ಅಂತಾನೆ. ಮೂವತ್ತು ಅಡಿ ಎತ್ತರದ ರಾಜರು, ಮೂವತ್ತು ಸಾವಿರ ವರ್ಷದ ಆಳ್ವಿಕೆ, ಕಾಕಂಬಿ ಸಮುದ್ರ, ಬೆಣ್ಣೆ ಸಮುದ್ರ ಅಂತ ನಮ್ಮ ಪುರಾಣ ಹಿಡಿದು ಗೇಲಿ ಮಾಡ್ತಾನೆ. ರಕ್ತ ಬಣ್ಣದಲ್ಲಿ ಭಾರತೀಯರು, ರುಚಿ ಅಭಿಪ್ರಾಯ ನೀತಿ ಬುದ್ಧಿಯಲ್ಲಿ ಇಂಗ್ಲಿಷರು, ಅಂಥ ಒಂದು ವರ್ಗ ಬೇಕು ಅಂತಾನೆ. ಅದರ ಜೊತೆಗೇ ಇನ್ನೊಂದು ಮಾತಿದೆ, ಅದನ್ನ ಯಾರೂ ಫಾರ್ವರ್ಡ್ ಮಾಡಲ್ಲ: ನಮ್ಮ ಹತ್ರ ಇರೋ ದುಡ್ಡಲ್ಲಿ ಜನಸಾಮಾನ್ಯರಿಗೆಲ್ಲ ವಿದ್ಯೆ ಕೊಡೋದು ಅಸಾಧ್ಯ ಅಂತ. ಇಡೀ ದೇಶದ ಮಿದುಳು ತೊಳೆಯೋ ಮಾಸ್ಟರ್ ಪ್ಲ್ಯಾನು ಅಂತೀವಲ್ಲ, ಅದರ ಬಜೆಟ್ಟು ವರ್ಷಕ್ಕೆ ಒಂದು ಲಕ್ಷ! 1901ರ ಜನಗಣತಿ ಹೊತ್ತಿಗೂ ಓದು ಬರಹ ಬರ್ತಿದ್ದೋರು ನೂರಕ್ಕೆ ಐದು ಜನ. ಬ್ರಿಟಿಷರು ನಮಗೆ ಕೆಟ್ಟ ಶಿಕ್ಷಣ ಕೊಟ್ರು ಅನ್ನೋದಕ್ಕಿಂತ ಬಹುಪಾಲು ಜನಕ್ಕೆ ಯಾವ ಶಿಕ್ಷಣಾನೂ ಕೊಡ್ಲಿಲ್ಲ ಅನ್ನೋದೇ ದೊಡ್ಡ ಆರೋಪ.

ಅಲ್ಲಾ, ಬೈಯೋಕೆ ಇಷ್ಟು ಸಾಲದಾ? 1836ರಲ್ಲಿ ಅಪ್ಪನಿಗೆ ಬರೆದ ಕಾಗದದಲ್ಲಿ ಅವನು, ನಮ್ಮ ಶಿಕ್ಷಣದ ಯೋಜನೆ ಹೀಗೇ ನಡೆದ್ರೆ ಮೂವತ್ತು ವರ್ಷದಲ್ಲಿ ಬಂಗಾಳದ ಮರ್ಯಾದಸ್ಥ ಮನೆತನಗಳಲ್ಲಿ ಒಬ್ಬ ಮೂರ್ತಿಪೂಜಕನೂ ಉಳಿಯಲ್ಲ ಅಂತಾನೂ ಬರೆದಿದ್ದಾನೆ, ಅದೂ ಅಸಲಿ ಕಾಗದಾನೇ. ಇಷ್ಟೆಲ್ಲ ಅಸಲಿ ಸರಕು ಕೈಯಲ್ಲಿ ಇಟ್ಕೊಂಡು ನಾವ್ಯಾಕೆ ನಕಲಿಗೆ ಬಿದ್ವಿ?

ನನಗೆ ಅನ್ಸೋದು ಇಷ್ಟು. ಅಸಲಿ ಮೆಕಾಲೆ ಬೈತಾನೆ, ನಕಲಿ ಮೆಕಾಲೆ ಹೊಗಳ್ತಾನೆ. ಅಸಲಿ ಟಿಪ್ಪಣಿ ಓದಿದ್ರೆ ಸಿಟ್ಟು ಬರುತ್ತೆ, ಜೊತೆಗೆ ಒಂದು ಮುಜುಗರ, ಉತ್ತರ ಕೊಡ್ಬೇಕಾದ ಜವಾಬ್ದಾರಿನೂ ಬರುತ್ತೆ. ನಕಲಿ ಭಾಷಣದಲ್ಲಿ ಆ ಕಷ್ಟ ಇಲ್ಲ, ಶತ್ರುವೇ ಎದ್ದು ನಿಂತು ನಮ್ಮ ಅಜ್ಜ ಮುತ್ತಜ್ಜಂದ್ರಿಗೆ ಸರ್ಟಿಫಿಕೇಟ್ ಬರೆದುಕೊಡ್ತಾನೆ. ಮನೆಯವ್ರು ಹೊಗಳಿದ್ರೆ ಯಾರು ಕೇಳ್ತಾರೆ, ಹಗೆಯವನೇ ಹೊಗಳಿದ ಅಂದ್ರೆ ಅದರ ತೂಕಾನೇ ಬೇರೆ. ಇಂಗ್ಲಿಷಿಂದ ಬಂದಿದ್ದೇ ದೊಡ್ಡದು ಅಂತ ನಂಬಬೇಡಿ ಅನ್ನೋದು ಆ ಫೋಟೋದ ಸಾರಾಂಶ, ಆದ್ರೆ ಆ ಮಾತನ್ನ ನಂಬಿಸೋಕೆ ಒಬ್ಬ ಇಂಗ್ಲಿಷಿನವನ ಬಾಯೇ ಬೇಕಾಯ್ತು ನೋಡಿ. ಹಿತ್ತಲ ಗಿಡ ಮದ್ದಲ್ಲ ಅಂತಾರಲ್ಲ, ಹಂಗೆ. ಹೊರಗಿನವರ ಸರ್ಟಿಫಿಕೇಟ್ ಇಲ್ದೆ ನಮ್ಮ ಮೇಲೆ ನಮಗೆ ನಂಬಿಕೆ ಬರಲ್ಲ ಅನ್ನೋ ಕಾಯಿಲೆಗೆ ಮೆಕಾಲೆ ಮನಸ್ಥಿತಿ ಅಂತ ಹೆಸರಿಟ್ರೆ, ಆ ಫೋಟೋನೇ ಅದರ ದೊಡ್ಡ ಲಕ್ಷಣ.

ಇನ್ನೊಂದು ಅನುಕೂಲನೂ ಇದೆ. ಒಬ್ಬ ಭಿಕ್ಷುಕನೂ ಇರ್ಲಿಲ್ಲ ಅಂದ್ಮೇಲೆ ಹಸಿದವರೂ ಇರ್ಲಿಲ್ಲ, ಹೊರಗಿಟ್ಟವರೂ ಇರ್ಲಿಲ್ಲ, ಬಾವಿ ಮುಟ್ಟೋಕೆ ಬಿಡದೇ ಇದ್ದದ್ದೂ ಇಲ್ಲ, ಎಲ್ಲ ಕೇಡೂ 1835ರಲ್ಲಿ ಒಬ್ಬನೇ ಮನುಷ್ಯನಿಂದ ಶುರು. ಇದೇ ಮೆಕಾಲೆಯ ಹುಟ್ಟುಹಬ್ಬವನ್ನ, ಅಕ್ಟೋಬರ್ 25, ದಲಿತ ಚಿಂತಕ ಚಂದ್ರಭಾನ್ ಪ್ರಸಾದ್ ಡೆಲ್ಲಿಯಲ್ಲಿ ಆಚರಿಸೋಕೆ ಶುರು ಮಾಡಿದ್ರು, ಇಂಗ್ಲಿಷ್ ನಮಗೆ ಬಾಗಿಲು ತೆಗೀತು ಅಂತ. ಅದನ್ನೂ ಒಪ್ಪಲೇಬೇಕು ಅಂತೇನಿಲ್ಲ, ನನಗೂ ಅದು ಸ್ವಲ್ಪ ಜಾಸ್ತಿ ಆಯ್ತು ಅನ್ಸುತ್ತೆ. ಆದ್ರೆ ಅವರು ಯಾಕೆ ಹಂಗಂತಾರೆ ಅಂತ ಕೇಳೋ ಪ್ರಸಂಗಾನೇ ಬರದಂಗೆ ಆ ಹಳದಿ ಫೋಟೋ ಬಾಗಿಲು ಹಾಕಿಬಿಡುತ್ತೆ. ನಮ್ಮ ಮುಮ್ಮಡಿಯವ್ರೇ ಮೈಸೂರಲ್ಲಿ 1833ರಲ್ಲಿ ಇಂಗ್ಲಿಷ್ ಸ್ಕೂಲ್ ತೆರೆದಿದ್ರು, ಮುಂದೆ ಅದೇ ಮಹಾರಾಜ ಕಾಲೇಜ್ ಆಯ್ತು, ಕಲ್ಕತ್ತಾದಲ್ಲಿ ರಾಮಮೋಹನ ರಾಯ್ 1823ರಲ್ಲೇ ಸರ್ಕಾರಕ್ಕೆ ಬರೆದು ನಮಗೆ ಹೊಸ ಸಂಸ್ಕೃತ ಕಾಲೇಜ್ ಬೇಡ, ಗಣಿತ, ರಸಾಯನಶಾಸ್ತ್ರ ಕಲಿಸಿ ಅಂತ ಕೇಳಿದ್ರು. ಮೆಕಾಲೆ ಹಡಗು ಹತ್ತೋ ಮುಂಚೆ ಆಗಿದ್ದು ಇವೆಲ್ಲ.

ಇದು ನಮ್ಮೊಬ್ರದ್ದೇ ಕಾಯಿಲೆ ಅಂದ್ಕೋಬೇಡಿ. ಪೂರ್ತಿ ಒಂದು ದೇಶ ನಕಲಿ ಓಲೆಗಳನ್ನ ಎದೆಗೆ ಅವಚಿಕೊಂಡು ಎಪ್ಪತ್ತು ವರ್ಷ ಕಳೆದ ಕಥೆ ಯೂರೋಪಿನ ಚೆಕ್ ಜನರದ್ದು.

1817ರ ಸೆಪ್ಟೆಂಬರ್‌ನಲ್ಲಿ ಚೆಕ್ ಜನರ ನಾಡು ಬೊಹೀಮಿಯಾದ ಡ್ವೂರ್ ಕ್ರಾಲೊವೆ ಅನ್ನೋ ಊರಿನ ಚರ್ಚಲ್ಲಿ ವಾತ್ಸ್ಲಾಫ್ ಹಾಂಕಾ ಅನ್ನೋ 26 ವರ್ಷದ ಹುಡುಗ ಹಳೇ ತೊಗಲಿನ ಹಾಳೆಗಳು ಸಿಕ್ಕಿದ್ವು ಅಂತ ತಂದ. ಹನ್ನೆರಡು ಸಣ್ಣ ಹಾಳೆ, ಹಳೇ ಚೆಕ್ ಭಾಷೇಲಿ ವೀರಗೀತೆ, ಪ್ರೇಮಗೀತೆ, ಹದಿಮೂರನೇ ಶತಮಾನದ್ದು ಅಂತ ಲೆಕ್ಕ ಹಾಕಿದ್ರು. ಮುಂದಿನ ವರ್ಷ ಪ್ರಾಗ್‌ನಲ್ಲಿ ನ್ಯಾಷನಲ್ ಮ್ಯೂಸಿಯಂ ಶುರುವಾಯ್ತು, ಆಗಲೇ ಹೆಸರಿಲ್ಲದ ಒಂದು ಪಾರ್ಸೆಲ್ ಬಂತು, ಅದರಲ್ಲಿ ಇನ್ನೂ ಹಳೇ ಓಲೆ, ರಾಣಿ ಲಿಬುಶೆಯ ನ್ಯಾಯಸ್ಥಾನದ ಕಥೆ. ಅಣ್ಣತಮ್ಮಂದಿರ ಆಸ್ತಿ ಜಗಳದಲ್ಲಿ ಒಬ್ಬ ಎದ್ದು ಹೇಳ್ತಾನೆ, ನ್ಯಾಯ ಹುಡ್ಕೊಂಡು ಜರ್ಮನ್ನರ ಹತ್ರ ಹೋಗೋದು ಅವಮಾನ, ನಮಗೆ ನಮ್ಮದೇ ಪವಿತ್ರ ಕಟ್ಟಳೆ ಇದೆ ಅಂತ. ಜರ್ಮನ್ ಭಾಷೆ ಆಳ್ತಿದ್ದ ಕಾಲದಲ್ಲಿ, ಆಫೀಸು ಕಾಲೇಜು ಎಲ್ಲ ಜರ್ಮನ್‌ನಲ್ಲೇ ಇದ್ದ ಊರಲ್ಲಿ, ಚೆಕ್ ಜನಕ್ಕೆ ಯಾವ ಮಾತು ಕೇಳ್ಬೇಕು ಅಂತ ಕಿವಿ ತುರಿಸ್ತಿತ್ತೋ ಕರೆಕ್ಟಾಗಿ ಅದೇ ಮಾತು ಸಾವಿರ ವರ್ಷದ ಹಿಂದಿಂದ ಪಾರ್ಸೆಲ್‌ನಲ್ಲಿ ಬಂತು! ಅಳತೆ ಕೊಟ್ಟು ಹೊಲಿಸಿದ ಅಂಗಿ ಥರ.

ಸ್ಲಾವ್ ಭಾಷಾಶಾಸ್ತ್ರದ ಪಿತಾಮಹ ಅನ್ನಿಸ್ಕೊಂಡ ದೊಬ್ರೊವ್ಸ್ಕಿ, ಹಾಂಕಾನ ಗುರುವೇ ಅವರು, ಎರಡನೇ ಓಲೆ ನೋಡಿದ ಕೂಡ್ಲೇ ಇದು ನಕಲಿ, ನಮ್ಮ ಹುಡುಗರದ್ದೇ ಕೈಚಳಕ ಅಂದ್ರು. ಕೇಳಿದ್ಯಾರು, ನಿನಗೆ ಜರ್ಮನ್ ತಲೆ ಅಂತ ಹಿರಿಯ ವಿದ್ವಾಂಸನಿಗೇ ಬೈದ್ರು. ಮೋಜು ಏನಂದ್ರೆ ಮೊದಲನೇ ಓಲೆಗೆ ಆ ದೊಬ್ರೊವ್ಸ್ಕಿನೂ ಮೋಸ ಹೋಗಿದ್ರು. ಚೆಕ್ ಇತಿಹಾಸದ ಭೀಷ್ಮ ಪಲಾಟ್ಸ್ಕಿ ಇವನ್ನ ನಂಬಿಯೇ ಬರೆದ್ರು, ಗಯಟೆಯಂಥ ಮಹಾಕವಿ ಒಂದು ಪದ್ಯ ತಗೊಂಡು ಜರ್ಮನ್‌ನಲ್ಲಿ ಹೊಸದಾಗಿ ಬರೆದ. ಹಾಂಕಾ ಅದೇ ಮ್ಯೂಸಿಯಂನ ಲೈಬ್ರರಿಯನ್ ಆದ, ಅಂದ್ರೆ ಬೆಕ್ಕಿನ ಕೈಗೇ ಹಾಲಿನ ಪಾತ್ರೆ. ಅಲ್ಲಿನ ಒಂದು ಅಸಲಿ ಹಳೇ ನಿಘಂಟಿನ ಸಾಲುಗಳ ಮಧ್ಯೆ ನೂರಾರು ನಕಲಿ ಚೆಕ್ ಪದಗಳು ಸೇರಿಕೊಂಡಿದ್ದು ಆಮೇಲೆ ಪತ್ತೆಯಾಯ್ತು. 1858ರಲ್ಲಿ ಪ್ರಾಗ್‌ನ ಒಂದು ಜರ್ಮನ್ ಪೇಪರ್ ಇದೆಲ್ಲ ಸುಳ್ಳು ಅಂತ ಬರೆದಾಗ ಹಾಂಕಾ ಎಡಿಟರ್ ಮೇಲೆ ಕೇಸ್ ಹಾಕಿ ಗೆದ್ದ! ಕೋರ್ಟೇ ಹೇಳಿದ ಮೇಲೆ ಇನ್ನೇನು. 1861ರಲ್ಲಿ ತೀರ್ಕೊಂಡಾಗ ರಾಷ್ಟ್ರನಾಯಕರಿಗೆ ಮಾಡೋ ಥರ ಮೆರವಣಿಗೆ.

ಅಷ್ಟರಲ್ಲಿ ಓಲೆ ಹಾಳೆಯಿಂದ ಇಳಿದು ಊರೊಳಗೆ ಬಂದುಬಿಟ್ಟಿತ್ತು. ಲಿಬುಶೆ ಮೇಲೆ ಸ್ಮೆತಾನಾ ಮಾಡಿದ ಸಂಗೀತ ನಾಟಕದಿಂದ್ಲೇ 1881ರಲ್ಲಿ ಜನ ಚಂದಾ ಎತ್ತಿ ಕಟ್ಟಿದ ನ್ಯಾಷನಲ್ ಥಿಯೇಟರ್ ಉದ್ಘಾಟನೆ ಆಯ್ತು, ವೀರಗೀತೆಯ ಪಾತ್ರಗಳು ಪ್ರಾಗ್‌ನಲ್ಲಿ ಕಲ್ಲಿನ ವಿಗ್ರಹಗಳಾದ್ವು, ಮಕ್ಕಳು ಸ್ಕೂಲಲ್ಲಿ ಬಾಯಿಪಾಠ ಮಾಡಿದ್ರು. ಒಂದು ನಕಲಿ ರಾಷ್ಟ್ರದ ಇತಿಹಾಸ ಆಗೋದು ಈ ಹಂತದಲ್ಲಿ ಅಂತ ನನ್ನ ಲೆಕ್ಕ, ವಿದ್ವಾಂಸ್ರು ನಂಬಿದಾಗ ಅಲ್ಲ. ಅದರ ಮೇಲೆ ಇನ್ನೊಬ್ರು ಪ್ರಾಮಾಣಿಕವಾಗಿ, ಪ್ರೀತಿಯಿಂದ ಏನೋ ಕಟ್ಟಿರ್ತಾರೆ, ಸ್ಮೆತಾನಾನ ಸಂಗೀತ ನಕಲಿ ಅಲ್ವಲ್ಲ, ಈಗ ಅಡಿಪಾಯದ ಕಲ್ಲು ಸುಳ್ಳು ಅಂತ ಕಿತ್ರೆ ಮೇಲಿನ ಮನೆ ಕಥೆ ಏನು ಅನ್ನೋ ಭಯ. ಆ ಭಯಾನೇ ಸುಳ್ಳಿಗೆ ಕಾವಲು ನಿಲ್ಲುತ್ತೆ. ಹದಿಮೂರನೇ ಶತಮಾನದ ಹಾಳೆಯಲ್ಲಿ ಪ್ರಷ್ಯನ್ ನೀಲಿ ಬಣ್ಣ ಸಿಕ್ತು, ಹದಿನೆಂಟನೇ ಶತಮಾನದ ಶುರುವಲ್ಲಿ ಬರ್ಲಿನ್‌ನಲ್ಲಿ ಹುಟ್ಟಿದ ಬಣ್ಣ ಅದು. ನಂಬಿದವರು ಏನಂದ್ರು ಗೊತ್ತಾ, ಯಾರೋ ಆಮೇಲೆ ಟಚಪ್ ಮಾಡಿರ್ಬೇಕು ಅಂತ.

ಈ ನಂಬಿಕೆ ಮುರಿದಿದ್ದು ಯಾರು? ಆ ಜರ್ಮನ್ ಪೇಪರ್ ಅಲ್ಲ, ಅವರು ಹೇಳಿದಷ್ಟೂ ಚೆಕ್ ಜನ ಇನ್ನೂ ಗಟ್ಟಿಯಾಗಿ ಅಪ್ಪಿಕೊಂಡ್ರು. 1886ರಲ್ಲಿ ಯಾನ್ ಗೆಬಾವರ್ ಅನ್ನೋ ಚೆಕ್ ವ್ಯಾಕರಣ ಪಂಡಿತರು ಈ ಓಲೆಗಳ ವ್ಯಾಕರಣ ಆ ಕಾಲದ್ದಲ್ಲ ಅಂತ ಕುಯ್ದು ಕುಯ್ದು ತೋರಿಸಿದ್ರು, ಅದನ್ನ ತನ್ನ ಪತ್ರಿಕೇಲಿ ಹಾಕಿದ್ದು ತೋಮಾಶ್ ಮಸಾರಿಕ್ ಅನ್ನೋ ಪ್ರೊಫೆಸರ್. ದೇಶದ್ರೋಹಿ ಅಂತ ಪೇಪರುಗಳು ಬೈದ ಬೈಗುಳ ಅಷ್ಟಿಷ್ಟಲ್ಲ. ಆ ಮನುಷ್ಯ ಹೇಳಿದ್ದು ಇಷ್ಟೇ, ದೇಶದ ಮರ್ಯಾದೆ ಸುಳ್ಳಿನ ಮೇಲೆ ನಿಲ್ಲಬಾರ್ದು ಅಂತ. ಅದೇ ದೇಶದ್ರೋಹಿ 1918ರಲ್ಲಿ ಚೆಕೊಸ್ಲೊವಾಕಿಯಾದ ಮೊದಲನೇ ಪ್ರೆಸಿಡೆಂಟ್ ಆದ. ಲಿಬುಶೆ ನಾಟಕ ಇವತ್ತಿಗೂ ಆಡ್ತಾರೆ, ಮನೆ ಏನೂ ಬೀಳಲಿಲ್ಲ. ಓಲೆ ಅಸಲಿನೇ ಅನ್ನೋ ಸಂಘಾನೂ ಅಲ್ಲಿ ಇನ್ನೂ ಇದೆ, ಅದು ಬೇರೆ ಮಾತು!

ನಮ್ಮ ಹಳದಿ ಫೋಟೋಗೂ ಹಾಂಕಾನ ಓಲೆಗೂ ಒಂದು ದೊಡ್ಡ ವ್ಯತ್ಯಾಸ ಇದೆ. ಹಾಂಕಾ ತೊಗಲು ಹದ ಮಾಡ್ಬೇಕಿತ್ತು, ಶಾಯಿ ಅರೀಬೇಕಿತ್ತು, ಹಳೇ ವ್ಯಾಕರಣ ಕಲೀಬೇಕಿತ್ತು, ಏನೇ ಅನ್ನಿ ಕಳ್ಳನೂ ಕಷ್ಟಪಟ್ಟಿದ್ದ. ಇಲ್ಲಿ ಅಸಲಿ ಅಂತ ತೋರಿಸೋಕೆ ಒಂದು ಮೂಲ ಹಾಳೇನೂ ಬೇಕಾಗ್ಲಿಲ್ಲ. ಪರೀಕ್ಷೆ ಮಾಡೋಕೆ ತೊಗಲಿಲ್ಲ, ಶಾಯಿ ಇಲ್ಲ, ಇರೋದು ಫೋಟೋದ ಫೋಟೋ. ಸುಳ್ಳು ಅಂತ ಒಂದು ಕಡೆ ತೋರಿಸಿದ್ರೆ ಇನ್ನೊಂದು ಗ್ರೂಪಲ್ಲಿ ಹೊಸದಾಗಿ ಹುಟ್ಟಿರುತ್ತೆ, ಸ್ಕೂಲ್ ಡೇ ಭಾಷಣಕ್ಕೆ ಹೋಗುತ್ತೆ, ಸ್ಮರಣ ಸಂಚಿಕೆಗೆ ಹೋಗುತ್ತೆ, ಅಲ್ಲಿಂದ ಇನ್ಯಾರೋ "ಇಂಥ ಸಂಚಿಕೇಲಿ ಇದೆ" ಅಂತ ಆಧಾರ ಕೊಡ್ತಾರೆ. ಈಚೆಗೆ ರಾಜಕೀಯ ವೇದಿಕೆಗಳಲ್ಲಿ ಮೆಕಾಲೆ ಹೆಸರು ಮತ್ತೆ ಜೋರಾಗಿದೆ, 2024ರ ಜುಲೈಯಲ್ಲಿ ಅವನು ಕರಡು ಬರೆದ ದಂಡ ಸಂಹಿತೆ ಹೋಗಿ ಹೊಸದು ಬಂತು, 2035ಕ್ಕೆ ಆ ಶಿಕ್ಷಣ ಟಿಪ್ಪಣಿಗೆ 200 ವರ್ಷ ತುಂಬುತ್ತೆ. ಆ ವರ್ಷದ ಫೆಬ್ರವರಿ 2ಕ್ಕೆ ಈ ಫೋಟೋ ಎಷ್ಟು ಗ್ರೂಪಿಗೆ ಹೋಗುತ್ತೆ ಅಂತ ಈಗ್ಲೇ ಊಹೆ ಮಾಡಬಹುದು.

ನನಗೆ ಹೊಟ್ಟೆ ಉರಿಯೋದು ಬೇರೆ ಕಾರಣಕ್ಕೆ. ಬ್ರಿಟಿಷರಿಗಿಂತ ಮುಂಚಿನ ನಮ್ಮ ಶಾಲೆಗಳ ಬಗ್ಗೆ ಅಸಲಿ ಕಾಗದ ಇದೆ, ಮೆಕಾಲೆ ಮಿನಿಟ್‌ಗಿಂತ ಹನ್ನೆರಡು ವರ್ಷ ಹಳೇದು. 1822ರಲ್ಲಿ ಮದ್ರಾಸ್ ಗವರ್ನರ್ ಥಾಮಸ್ ಮನ್ರೋ ಜಿಲ್ಲೆ ಜಿಲ್ಲೆಗೂ ಶಾಲೆ ಲೆಕ್ಕ ಕಳಿಸಿ ಅಂದಿದ್ದ. ಬಳ್ಳಾರಿ ಕಲೆಕ್ಟರ್ ಕ್ಯಾಂಪ್‌ಬೆಲ್ 1823ರಲ್ಲಿ ಕಳಿಸಿದ ವರದಿ ಇದೆ, ಆಗಿನ ಬಳ್ಳಾರಿ ಜಿಲ್ಲೆ ದೊಡ್ಡದು, ಈಗಿನ ಆಂಧ್ರದ ಎಷ್ಟೋ ತಾಲ್ಲೂಕು ಸೇರಿ. ಗಾಂಧಿವಾದಿ ಧರಂಪಾಲ್ ಲಂಡನ್, ಮದ್ರಾಸ್ ದಾಖಲೆ ಕೋಣೆಗಳಲ್ಲಿ ವರ್ಷಗಟ್ಟಲೆ ಕೂತು ಇಂಥವನ್ನೆಲ್ಲ ಕೈಬರಹದಲ್ಲಿ ಎತ್ತಿ ಬರ್ಕೊಂಡು 1983ರಲ್ಲಿ ಪ್ರಕಟಿಸಿದ್ರು.

ಇದನ್ನ ಮಾವನಿಗೆ ಅಲ್ಲೇ ಫೋನಲ್ಲಿ ತೆಗೆದು ಓದಿ ಹೇಳಿದೆ. ಜಿಲ್ಲೇಲಿ ಒಟ್ಟು 533 ಶಾಲೆ. "ಕನ್ನಡದ್ದೆಷ್ಟು?" ಅಂದ್ರು. 235. ತೆಲುಗು 226, ಮರಾಠಿ 23, ಸಂಸ್ಕೃತ 23, ಪರ್ಷಿಯನ್ 21, ತಮಿಳು 4, ಇಂಗ್ಲಿಷ್ 1. ಮಕ್ಕಳು 6,641. ಬ್ರಾಹ್ಮಣ ಹುಡುಗ್ರು 1,185, ಶೂದ್ರರು ಅಂತ ಬರೆದಿರೋದು 2,998. ಮಾವ ಕೂತಲ್ಲೇ ನೆಟ್ಟಗಾದ್ರು, "ಶೂದ್ರರೇ ಜಾಸ್ತಿನಾ!" ಅಂದ್ರು. ಹೆಣ್ಮಕ್ಕಳು 60 ಅಂದೆ. "ಆರ್‌ನೂರಾ?" ಅಲ್ಲ ಮಾವ, ಅರವತ್ತು, ಇಡೀ ಜಿಲ್ಲೆಗೆ. ಒಂದ್ನಿಮಿಷ ಸುಮ್ಮನಾದ್ರು. ಒಂಬತ್ತೂಕಾಲು ಲಕ್ಷದ ಮೇಲೆ ಜನ ಇದ್ದ ಜಿಲ್ಲೆ, ಸಾವಿರಕ್ಕೆ ಏಳು ಮಕ್ಕಳೂ ಶಾಲೆಗೆ ಹೋಗ್ತಿರ್ಲಿಲ್ಲ ಅಂತ ಕ್ಯಾಂಪ್‌ಬೆಲ್ಲೇ ಬರೀತಾನೆ. ಯಾಕೆ ಅನ್ನೋದನ್ನೂ ಬರೀತಾನೆ, ಮುಚ್ಚುಮರೆ ಇಲ್ದೆ. ದೇಶ ಬಡವಾಗ್ತಾ ಬಂತು, ಯೂರೋಪಿನ ಬಟ್ಟೆ ಬಂದು ನೇಕಾರರ ಹೊಟ್ಟೆ ಮೇಲೆ ಹೊಡೀತು, ಮಕ್ಕಳ ಕೈಕಾಲು ಸ್ವಲ್ಪ ಗಟ್ಟಿಯಾದ್ರೆ ಸಾಕು ದುಡಿಮೆಗೆ ಹಾಕ್ತಾರೆ, ಮುಂಚೆ ಶಾಲೆ ಇದ್ದ ಎಷ್ಟೋ ಊರಲ್ಲಿ ಈಗ ಇಲ್ಲ ಅಂತ, ಕಂಪನಿ ಸಂಬಳ ತಿನ್ನೋ ಕಲೆಕ್ಟರೇ ಸರ್ಕಾರಕ್ಕೆ ಬರೆದಿದ್ದು. ಮಾವ ಹುಡುಕ್ತಿದ್ದ ಆರೋಪ ಇಲ್ಲೇ ಇದೆ, ಸಹಿ ತಾರೀಕು ಸಮೇತ. ಆದ್ರೆ ಇದರಲ್ಲಿ ಅರವತ್ತು ಹೆಣ್ಮಕ್ಕಳ ಲೆಕ್ಕಾನೂ ಇದೆ, ಆ ಫೋಟೋ ಥರ ಬರೀ ಸಿಹಿ ಇಲ್ಲ.

ಅದೇ ವರದೀಲಿ ಶಾಲೆ ಹೇಗೆ ನಡೀತಿತ್ತು ಅನ್ನೋದೂ ಇದೆ. ಬೆಳಗ್ಗೆ ಆರಕ್ಕೆ ಶುರು. ಮೊದ್ಲು ಬಂದ ಹುಡುಗನ ಅಂಗೈ ಮೇಲೆ ಸರಸ್ವತಿ ಅಂತ ಬರೀತಾರೆ, ಅದು ಗೌರವ. ಎರಡನೇದಾಗಿ ಬಂದವನ ಕೈಮೇಲೆ ಸೊನ್ನೆ, ಹೊಗಳಿಕೇನೂ ಇಲ್ಲ ತೆಗಳಿಕೇನೂ ಇಲ್ಲ. ಮೂರನೆಯವನಿಗೆ ಮೆಲ್ಲಗೆ ಒಂದೇಟು, ನಾಲ್ಕನೆಯವನಿಗೆ ಎರಡು, ಹಿಂಗೇ ಬಂದಂಗೆ ಬಂದಂಗೆ ಒಂದೊಂದು ಜಾಸ್ತಿ. ಇದನ್ನ ಕೇಳಿ ಮಾವ ಜೋರಾಗಿ ನಕ್ಕಿದ್ದೇ ನಕ್ಕಿದ್ದು, ಪಕ್ಕದ ಕುರ್ಚಿಯವ್ರೆಲ್ಲ ತಿರುಗಿ ನೋಡಿದ್ರು. "ಹಂಗಾದ್ರೆ ಮೂವತ್ತನೇ ಹುಡುಗನ ಗತಿ ಏನೋ! ನಮ್ಮ ಹಡಗಲಿ ಸ್ಕೂಲಲ್ಲಿ ಇದನ್ನ ಮಾಡಿದ್ರೆ ಪೇರೆಂಟ್ಸು ನನ್ನನ್ನೇ ಕಟ್ಟಿಹಾಕಿ ಹೊಡೀತಿದ್ರು" ಅಂದ್ರು. ಆಮೇಲೆ "ಆ 235ರಲ್ಲಿ ಕೂಡ್ಲಿಗಿಯದ್ದು ಎಷ್ಟು ಅಂತ ಇದೆಯೇನೋ? ಊರ ಹೆಸರು ಇದ್ರೆ ನೋಡು" ಅಂತ ಮೂರು ಸಲ ಕೇಳಿದ್ರು. ಹಳದಿ ಫೋಟೋ ಬಗ್ಗೆ ಇಂಥ ಒಂದು ಪ್ರಶ್ನೇನೂ ಅವರು ಯಾವತ್ತೂ ಕೇಳಿದ್ದಿಲ್ಲ.

ಅವತ್ತು ರಾತ್ರಿ ಫ್ಯಾಮಿಲಿ ಗ್ರೂಪಲ್ಲಿ ಮಾವ ಈ ಲೆಕ್ಕವನ್ನೆಲ್ಲ ಕೂತು ಟೈಪ್ ಮಾಡಿ ಹಾಕಿದ್ದಾರೆ, 533 ಶಾಲೆ, ಸರಸ್ವತಿ, ಸೊನ್ನೆ, ಅರವತ್ತು ಹೆಣ್ಮಕ್ಕಳು, ಎಲ್ಲಾ. ಬೆಳಗ್ಗೆ ಎದ್ದು ನೋಡಿದ್ರೆ ಕೆಳಗೇ ಬೇರೆ ಯಾರೋ ಅದೇ ಮೆಕಾಲೆ ಫೋಟೋ ಮತ್ತೆ ಹಾಕಿದ್ದಾರೆ, ಹನ್ನೊಂದು ಹಾರ್ಟು ಬಿದ್ದಿದೆ. ಮಾವನ ಮೆಸೇಜಿಗೆ ಎರಡು ಥಂಬ್ಸ್ ಅಪ್, ಅದರಲ್ಲಿ ಒಂದು ನಂದು.